ಮಡಿ ಸೀರೆಯೂ ಕಟಾಲ್ಪಾ ಗಿಡವೂ

ನಮ್ಮ ಹಿತ್ತಲಿನಲ್ಲಿದ್ದ ಮರದ ಹೆಸರು ಹೇಳಿದರೆ ಜನ ಇವತ್ತಿಗೂ ‘ಇನ್ನೊಂದು ಸಲ ಹೇಳ್ರಿ’ ಅನ್ನುತ್ತಾರೆ. ಕಟಾಲ್ಪಾ. ಕನ್ನಡದಲ್ಲಿ ಅದಕ್ಕೊಂದು ಹೆಸರಿದ್ದರೆ ನನಗೆ ಗೊತ್ತಿಲ್ಲ; ಪುಣೆಯ ನಮ್ಮ ನೆರೆಯವರಿಗೆ ಮರಾಠಿಯಲ್ಲೂ ಗೊತ್ತಿರಲಿಲ್ಲ. ನಮ್ಮ ಅತ್ತೆಯಂತೂ ಕೊನೆಯವರೆಗೂ ಅದನ್ನು ‘ಸಾಹೇಬನ ಗಿಡ’ ಎಂದೇ ಕರೆದರು, ಅದೂ ಮೂಗು ಮುರಿದು. ಆ ಗಿಡಕ್ಕಾಗಿ ನಾನು ಅತ್ತಿದ್ದೇನೆ, ಸುಳ್ಳು ಹೇಳಿದ್ದೇನೆ, ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ, ಅತ್ತೆಯ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದೇನೆ. ಒಂದು ಗಿಡಕ್ಕೆ ಇಷ್ಟೆಲ್ಲ ಮಾಡಿದವಳ ತಲೆ ನೆಟ್ಟಗಿಲ್ಲ ಎಂದು ನೀವು ಅಂದುಕೊಂಡರೆ ನನ್ನದೇನೂ ತಕರಾರಿಲ್ಲ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ಹದಿನೈದು. ಮನೆಯಲ್ಲಿ ನಾವು ಮೂವರೇ: ನಮ್ಮವರು, ಅವರ ತಾಯಿ, ನಾನು. ನಮ್ಮವರು ಸರಕಾರಿ ತೋಟವೊಂದರ ಕಚೇರಿಯಲ್ಲಿ ಕಾರಕೂನರು. ತೋಟದಲ್ಲಿ ನೌಕರಿ ಎಂದ ಮಾತ್ರಕ್ಕೆ ಅವರಿಗೆ ಗಿಡಮರ ಗೊತ್ತಿತ್ತು ಎಂದು ತಿಳಿಯಬೇಡಿ. ಅವರಿಗೆ ಗೊತ್ತಿದ್ದದ್ದು ದಫ್ತರದೊಳಗಿನ ಗಿಡಗಳು. ಯಾವ ಗಿಡ ಯಾವ ದೇಶದ್ದು, ಯಾವ ಸಾಲಿನಲ್ಲಿ ನೆಟ್ಟಿದೆ, ಇಂಗ್ಲಿಷಿನಲ್ಲಿ ಅದರ ಹೆಸರು ಹೇಗೆ ಬರೆಯಬೇಕು, ಎಲ್ಲ ಬಾಯಿಪಾಠ. ಹಿತ್ತಲಿನ ಕರಿಬೇವಿಗೂ ಬೇವಿಗೂ ಮಾತ್ರ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಮ್ಮೆ ಒಗ್ಗರಣೆಗೆಂದು ಬೇವಿನ ಎಸಳು ಕಿತ್ತು ತಂದುಕೊಟ್ಟು ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡರು.

ಮನೆ ಹಡಪಸರದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿತ್ತು. ಬೆಳಿಗ್ಗೆ ಎದ್ದರೆ ಕಾಯಿಪಲ್ಲೆಯ ಗಾಡಿಗಳ ಸಾಲು. ಮನೆ ಚಿಕ್ಕದು, ಹೆಂಚಿನದು. ಹಿತ್ತಲು ಮಾತ್ರ ಧಾರಾಳ, ಕರೀ ಮಣ್ಣಿನದು. ಒಂದು ಮೂಲೆಯಲ್ಲಿ ಬಚ್ಚಲು, ಅಡಿಗೆಮನೆಯ ಹಿಂಬಾಗಿಲಿನ ಹತ್ತಿರ ತುಳಸಿ, ನಡುವೆ ಒಳ್ಳೆಯ ಬಿಸಿಲು ಬೀಳುವ ಖಾಲಿ ಜಾಗ. ಆ ಜಾಗದಲ್ಲಿ ನುಗ್ಗೆಯ ಗಿಡ ಹಾಕಬೇಕೆಂದು ಅತ್ತೆ ಮನೆಗೆ ಬಂದ ದಿನವೇ ನಿಶ್ಚಯಿಸಿಬಿಟ್ಟಿದ್ದರು. ನಮ್ಮವರು ಅಷ್ಟರೊಳಗೆ ತೋಟದ ಇಂಗ್ಲಿಷ್ ಸಾಹೇಬರು ಬೇಡವೆಂದ ಒಂದು ಸಸಿಯನ್ನು ಕುಂಡದ ಸಮೇತ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಆಷಾಢದ ಸಂಜೆ, ಜಿಟಿಜಿಟಿ ಮಳೆ. ಮೊಣಕಾಲೆತ್ತರದ ಗಿಡ, ಅದಕ್ಕೆ ಅಂಗೈಗಿಂತ ದೊಡ್ಡ ನಾಲ್ಕೇ ನಾಲ್ಕು ಎಲೆ. ಅದು ನನಗೆ ಏಕೆ ಅಷ್ಟು ಹಿಡಿಸಿತೋ ಹೇಳಲಾರೆ. ತೌರು ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಆ ಮನೆಗೆ ನನಗಿಂತ ಹೊಸದಾಗಿ ಬಂದದ್ದು ಅದೊಂದೇ.

ತೋಟದ ಮಾಳಿ ಹೇಳಿ ಕಳಿಸಿದ್ದನ್ನು ನಮ್ಮವರು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಮೊಳಕೈಯವರೆಗೆ ಕೈ ಹೋಗುವಷ್ಟು ಆಳದ ಗುಂಡಿ, ಹಳೆಯ ಗೊಬ್ಬರ, ನೀರು ನಿಲ್ಲಬಾರದು, ಗೋಡೆಯಿಂದ ದೂರ ಇರಬೇಕು, ಏಕೆಂದರೆ ದೊಡ್ಡದಾದ ಮೇಲೆ ಅದರ ಹರಹು ಭಾಳ. ಇದನ್ನೆಲ್ಲ ಪೂರೈಸುವ ಜಾಗ ಹಿತ್ತಲಿನಲ್ಲಿ ಒಂದೇ ಇತ್ತು, ನುಗ್ಗೆಯ ಜಾಗ. ಅತ್ತೆ ಚೀಟಿಯನ್ನು ಓದಿಸಿ ಕೇಳಿದರು. ಹೂವು ಯಾವಾಗ ಎಂದರು, ನಮ್ಮವರಿಗೆ ಗೊತ್ತಿಲ್ಲ. ಕಾಯಿ ತಿನ್ನಲಿಕ್ಕೆ ಬರುತ್ತದೆಯೋ ಎಂದರು, ಬರುವುದಿಲ್ಲ.

“ಹಂಗಾದ್ರ ಯುಗಾದಿ ತನಕಾ ಇರಲಿ,” ಅಂದರು ಅತ್ತೆ. “ಏಳಿಗಿ ಕಂಡ್ರ ಕಂಡೀತು, ಇಲ್ಲಾಂದ್ರ ಕಿತ್ತು ಒಗದು ನುಗ್ಗೀ ಟೊಂಗಿ ಹಚ್ಚತೀನಿ.”

ಗುಂಡಿಯನ್ನು ನಾನೇ ತೋಡಿದೆ. ಆಮೇಲಿನ ನಾಲ್ಕು ತಿಂಗಳು ನನ್ನ ಜೀವನದ ಅತಿ ಸುಖದ ದಿನಗಳಲ್ಲಿ ಸೇರುತ್ತವೆ. ಆ ಗಿಡಕ್ಕೆ ಬೆಳೆಯುವ ಹುಚ್ಚು. ಬೆಳಿಗ್ಗೆ ಮಡಿಚಿಕೊಂಡಿದ್ದ ಎಲೆ ಸಂಜೆಗೆ ಬಿಚ್ಚಿರುತ್ತಿತ್ತು. ಶ್ರಾವಣದಲ್ಲಿ ನನ್ನ ಸೊಂಟಕ್ಕೆ ಬಂತು, ನವರಾತ್ರಿಯಲ್ಲಿ ಹೆಗಲಿಗೆ, ದೀಪಾವಳಿಗೆ ನನ್ನನ್ನು ದಾಟಿ ಹೋಯಿತು. ಟೊಂಗೆಯಿಲ್ಲ, ಏನಿಲ್ಲ, ನೆಟ್ಟಗೆ ಒಂದೇ ಕಾಂಡ, ಮೇಲೆ ಎಲೆಗಳ ಛತ್ರಿ. ಒಂದು ಎಲೆಯಿಂದ ನನ್ನ ಪೂರಾ ಮುಖ ಮುಚ್ಚುತ್ತಿತ್ತು. ಧಾರವಾಡಕ್ಕೆ ನನ್ನ ತಾಯಿಗೆ ಬರೆದ ಕಾಗದಗಳಲ್ಲಿ ಗಂಡನ ಬಗ್ಗೆ ಎರಡು ಸಾಲು, ಗಿಡದ ಬಗ್ಗೆ ಒಂದು ಪುಟ ಇರುತ್ತಿತ್ತು. ಆಕೆ ಗಾಬರಿಯಾಗಿ ಎಲ್ಲ ಸರಿಯಿದೆಯೇ ಎಂದು ಕೇಳಿ ಬರೆಸಿದಳು.

ಇಲ್ಲಿ ಅತ್ತೆಯ ಮಡಿಯ ವಿಷಯ ಹೇಳಬೇಕು. ಮಡಿ ಎಲ್ಲರ ಮನೆಯಲ್ಲೂ ಇತ್ತು, ಆದರೆ ನಮ್ಮ ಅತ್ತೆಯದು ಬೇರೆಯೇ ದರ್ಜೆಯದು. ನಸುಕಿನಲ್ಲಿ ತಣ್ಣೀರು ಸ್ನಾನ, ಹಿಂದಿನ ದಿನ ಒಗೆದು ಒಣಹಾಕಿದ ಸೀರೆ, ಅದನ್ನುಟ್ಟ ಮೇಲೆ ಊಟ ಮುಗಿಯುವವರೆಗೆ ಯಾರೂ ಅವರನ್ನು ಸೋಕುವಂತಿಲ್ಲ. ನನ್ನ ಸೆರಗಿನ ತುದಿ ತಗುಲಿದರೂ ಸೀದಾ ಬಚ್ಚಲಿಗೆ ನಡೆದು ಇನ್ನೊಂದು ತಂಬಿಗೆ ಸುರಿದುಕೊಳ್ಳುತ್ತಿದ್ದರು. ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂತಾಗಂತೂ ಹಿತ್ತಲಿನ ಪಡಸಾಲೆಯಲ್ಲಿ ಒಂದು ಚಾಪೆ, ಒಂದು ತಾಟು, ಒಂದು ಚೊಂಬು, ಅಷ್ಟೇ ನನ್ನ ಸಂಸಾರ. ಆ ದಿನಗಳಲ್ಲಿ ಯಾವ ಗಿಡಕ್ಕೂ ಕೈ ಹಚ್ಚಬಾರದು, ನೀರು ಹಾಕಬಾರದು, ನೆರಳೂ ಬೀಳಬಾರದು; ಬಿದ್ದರೆ ಒಣಗಿ ಹೋಗುತ್ತದೆ. ಇದನ್ನು ನನಗೆ ತೌರಿನಲ್ಲಿ ಅಜ್ಜಿ ಹೇಳಿದ್ದಳು, ಪುಣೆಯಲ್ಲಿ ಅತ್ತೆ ಹೇಳಿದರು, ಪಕ್ಕದ ಮನೆಯ ಮರಾಠಿ ಕಾಕುವೂ ಹೇಳಿದ್ದರು. ಮೂರು ಕಡೆಯಿಂದ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ನಂಬಿದ್ದೆ.

ಕಾರ್ತಿಕದ ಕೊನೆಯಲ್ಲಿ ಹಾಗೆ ಹೊರಗೆ ಕೂತಿದ್ದೆ. ರಾತ್ರಿ ಚಳಿ, ಹಗಲು ಸುಡುವ ಬಿಸಿಲು. ಮಧ್ಯಾಹ್ನ ಗಿಡ ಎಲೆಗಳನ್ನೆಲ್ಲ ಜೋತುಬಿಟ್ಟು ನಿಂತಿತ್ತು. ಅತ್ತೆ ಊಟ ಮುಗಿಸಿ ಒಳಗೆ ಒರಗಿದ್ದರು, ನಮ್ಮವರು ಕಚೇರಿಯಲ್ಲಿ. ಸುಮ್ಮನೆ ಕೂತು ನೋಡುವುದು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ನನ್ನ ಚೊಂಬಿನ ನೀರನ್ನು ಬುಡಕ್ಕೆ ಸುರಿದೆ. ಒಂದು ಎಲೆಯ ಅಡಿಯಲ್ಲಿ ಇರುವೆ ಮುತ್ತಿದ್ದವು, ಅವನ್ನೂ ಕೈಯಿಂದ ಒರೆಸಿದೆ. ಎರಡನೆಯ ದಿನವೂ ಹಾಕಿದೆ, ಮೂರನೆಯ ದಿನವೂ. ಗಿಡ ಸಂಜೆಗೆ ತಲೆಯೆತ್ತಿತು. ನೋಡಿ, ಏನೂ ಆಗಲಿಲ್ಲ ಎಂದು ಮನಸ್ಸಿನಲ್ಲೇ ಮೂವರಿಗೂ ಹೇಳಿಕೊಂಡೆ.

ಎಂಟೇ ದಿನ. ಎಲೆಗಳು ಹಳದಿಯಾದವು, ಅಂಚು ಕಪ್ಪಾಯಿತು, ಒಂದೊಂದಾಗಿ ಉದುರಿದವು. ಮತ್ತೊಂದು ವಾರಕ್ಕೆ ಹಿತ್ತಲಿನ ನಡುವೆ ಬರೀ ಒಂದು ಬೂದುಬಣ್ಣದ ಕೋಲು. ಪಕ್ಕದ ಕರಿಬೇವು ಹಸಿರಾಗಿತ್ತು, ತುಳಸಿ ಹಸಿರಾಗಿತ್ತು, ನಾನು ಮುಟ್ಟಿದ್ದೊಂದೇ ಸತ್ತಿತ್ತು. ನನ್ನ ಎದೆಯೊಡೆದು ಹೋಯಿತು. ಗಿಡ ಹೋದ ದುಃಖ ಒಂದು ಪಾಲು, ಕೊಂದವಳು ನಾನೇ ಎಂಬ ಹೆದರಿಕೆ ಮೂರು ಪಾಲು. ಅತ್ತೆ ಹೇಗೆ ಒಣಗಿತು ಎಂದು ಕೇಳಿದಾಗ, ಯಾರಿಗೆ ಗೊತ್ತು ಎಂದು ಸುಳ್ಳು ಹೇಳಿದೆ. ನಮ್ಮವರಿಗೆ ಮಾಳಿಯನ್ನು ಕೇಳಿಬನ್ನಿ ಎನ್ನೋಣವೆಂದರೆ, ಅವನು ಏನಾಯಿತು, ಯಾರು ಮುಟ್ಟಿದರು ಎಂದು ತಿರುಗಿ ಕೇಳಿದರೆ? ಹಾಗಾಗಿ ನಾನು ಅನ್ನಲಿಲ್ಲ. ಇತ್ತ ನಮ್ಮವರಿಗೆ, ತೋಟದವರು ಕೊಟ್ಟ ಗಿಡವನ್ನು ಸಾಯಿಸಿದೆವೆಂದು ಮಾಳಿಗೆ ಹೇಳಲು ನಾಚಿಕೆ. ಅವರೂ ಅನ್ನಲಿಲ್ಲ. ಬೀದಿಯ ಹನುಮಪ್ಪನ ಗುಡಿಗೆ ಹೋಗಿ, ಇದೊಂದು ಚಿಗುರಿದರೆ ನೂರೆಂಟು ಪ್ರದಕ್ಷಿಣೆ ಎಂದು ಹರಕೆ ಹೊತ್ತೆ. ಕಿತ್ತು ಒಗೆಯಲು ಅತ್ತೆ ಯುಗಾದಿಯವರೆಗೂ ಕಾಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಅತ್ತೆ ಕೀಳಲಿಲ್ಲ. ಎರಡು ದಿನ ಹಿಂಬಾಗಿಲಲ್ಲಿ ನಿಂತು ಆ ಕೋಲನ್ನೂ ನನ್ನನ್ನೂ ನೋಡಿದರು. ಮೂರನೆಯ ದಿನ ಒಂದು ಬಿದಿರಿನ ಗಳ ತಂದು, ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದು ತುದಿಯನ್ನು ನನ್ನ ಸತ್ತ ಗಿಡಕ್ಕೆ ಕಟ್ಟಿದರು. ಇನ್ನು ಮೇಲೆ ತಮ್ಮ ಮಡಿ ಸೀರೆ ಅಲ್ಲಿ ಒಣಗುತ್ತದೆ, ಒಳಗೆ ಹೆಂಚಿನ ಕೆಳಗೆ ಹೊಗೆವಾಸನೆ ಹಿಡಿಯುತ್ತದೆ ಎಂದರು.

“ಇದು ಈಗ ಮಡಿ ಕೋಲು,” ಅಂದರು. “ಯಾರೂ ಮುಟ್ಟೂ ಹಂಗಿಲ್ಲ. ನಿನ್ನ ಗಂಡಗೂ ಹೇಳು.”

ಅವತ್ತಿನಿಂದ ಅವರೊಡನೆ ನಾಲ್ಕು ದಿನ ಮಾತು ಬಿಟ್ಟೆ. ನನ್ನ ಗಿಡದ ಹೆಣಕ್ಕೆ ಸೀರೆ ಹೊದಿಸಿದ್ದಾರೆ ಎಂದು ಸಿಟ್ಟು. ಅವರು ನನ್ನ ಮೌನವನ್ನು ಗಮನಿಸಿದಂತೆಯೂ ಕಾಣಲಿಲ್ಲ. ದಿನಾ ನಸುಕಿನಲ್ಲಿ ಹದಿನಾರು ಮೊಳದ ಸೀರೆ ಒಗೆದು ಕೋಲಿನಿಂದೆತ್ತಿ ಗಳಕ್ಕೆ ಹಾಕುವರು, ಅದೂ ಹಿಂಡದೆ. ಮೊದಲು ಒಳಗೆ ಒಣಹಾಕುವಾಗ ಒಂದು ಹನಿ ಉಳಿಯದಂತೆ ಹಿಂಡುತ್ತಿದ್ದವರು ಈಗ ನೀರು ಧಾರಾಕಾರ ಇಳಿಯುವ ಸೀರೆಯನ್ನೇ ಹಾಕಿ ಬರುತ್ತಿದ್ದರು. ಕೇಳಿದರೆ ಮಣಿಕಟ್ಟು ನೋಯುತ್ತದೆ ಎನ್ನುವರು. ಅದೇ ಕೈಯಿಂದ ಶೇಂಗಾ ಚಟ್ನಿ ಕುಟ್ಟುವಾಗ ನೋವು ಎಲ್ಲಿಗೆ ಹೋಗುತ್ತಿತ್ತೋ. ನಾನು ಹಿಂಡಿಕೊಡೋಣವೆಂದರೆ ಮಡಿ ಕೆಡುತ್ತದೆ. ಸೀರೆ ಅರ್ಧ ದಿನ ತೊಟ್ಟಿಕ್ಕುತ್ತಿತ್ತು. ಗಿಡದ ಬುಡ ಸದಾ ಕೆಸರು. ಯುಗಾದಿಯ ದಿನ ಸುತ್ತಲಿನ ಮನೆಗಳವರೆಲ್ಲ ಕೋಲಿಗೆ ಹೊಸ ಸೀರೆ ಕಟ್ಟಿ ಗುಢಿ ಏರಿಸಿದಾಗ ಪಕ್ಕದ ಕಾಕು ಬೇಲಿಯಾಚೆಯಿಂದ ಇಣುಕಿ, “ತುಮಚೀ ಗುಢೀ ಬಾರಾ ಮಹಿನೇ!” ಎಂದು ನಕ್ಕರು. ನಿಮ್ಮ ಗುಢಿ ವರ್ಷವಿಡೀ ಹಾರುತ್ತದೆ ಎಂದು. ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ, ಅವತ್ತಿಗೆ ಗಿಡದ ಗಡುವು ಮುಗಿದಿತ್ತು. ಕಾಯಿಪಲ್ಲೆಯವಳು ಮುಂದಿನ ವಾರ ನುಗ್ಗೆಯ ಟೊಂಗೆ ತರುತ್ತೇನೆ ಎಂದು ಹೇಳಿ ಹೋಗಿದ್ದಳು.

ಟೊಂಗೆ ಬರುವುದಕ್ಕೆ ಎರಡು ದಿನ ಇತ್ತು. ಒಳಗೆ ಬೇಳೆ ಆರಿಸುತ್ತ ಕೂತಿದ್ದೆ. ಹಿತ್ತಲಿನಿಂದ ಅತ್ತೆ ಕೂಗಿದರು.

“ಏ ಹುಡುಗಿ, ಬಾ ಇಲ್ಲೆ. ಇದೇನು ನೋಡು.”

“ನಾನಲ್ಲರಿ ಅತ್ಯಾ,” ಅಂದೆ ನಾನು, ಏನೆಂದು ನೋಡುವುದಕ್ಕೂ ಮೊದಲೇ.

ಅತ್ತೆ ಕೈಯಲ್ಲಿದ್ದ ಕೋಲಿನಿಂದ ತೋರಿಸಿದರು. ಗಳ ಕಟ್ಟಿದ ಹಗ್ಗದ ಸ್ವಲ್ಪ ಮೇಲೆ, ಬೂದು ತೊಗಟೆಯನ್ನು ಸೀಳಿಕೊಂಡು ಮೂರು ಚಿಗುರು ಹೊರಟಿದ್ದವು, ಕೆಂಪು ಮಿಶ್ರಿತ ಹಸಿರು, ನನ್ನ ಕಿರುಬೆರಳ ಉಗುರಿನಷ್ಟು. ಕೆಳಗೆ ನೋಡಿದರೆ ಅಲ್ಲಿಯೂ ಎರಡು.

“ಕೋಲು ಚಿಗತದ,” ಅಂದರು.

ನಾನು ನಿಂತಲ್ಲೇ ಕೂತುಬಿಟ್ಟೆ. ಮೊದಲು ನಕ್ಕೆ, ಕಾಕು ಬೇಲಿಗೆ ಬರುವಷ್ಟು ಜೋರಾಗಿ ನಕ್ಕೆ, ಆಮೇಲೆ ಅಳು ಬಂತು. ನಾನು ಕೊಂದಿರಲಿಲ್ಲ. ನನ್ನ ಕೈಯಲ್ಲಿ ವಿಷವಿರಲಿಲ್ಲ. ನಾಲ್ಕು ತಿಂಗಳಿನಿಂದ ಹೊತ್ತುಕೊಂಡು ತಿರುಗಿದ್ದನ್ನೆಲ್ಲ ಆ ಐದು ಚಿಗುರು ಇಳಿಸಿಬಿಟ್ಟವು. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, ಗಿಡ ಚಿಗುರಿದರೆ ಅಳುವವರನ್ನು ಇವತ್ತೇ ಕಂಡೆ, ಎದ್ದು ಮುಖ ತೊಳೆದುಕೋ ಎಂದು ಒಳಗೆ ಹೋದರು. ಅವತ್ತು ಸಂಜೆ ನಮ್ಮವರು ಧೈರ್ಯ ಮಾಡಿ ಮಾಳಿಯನ್ನೇ ಕರೆದುಕೊಂಡು ಬಂದರು. ಮುದುಕ ಗಿಡದ ಸುತ್ತ ಒಂದು ಸುತ್ತು ಬಂದು, “ಥಂಡೀತ ಹ್ಯಾಚೀ ಪಾನಂ ಗಳತಾತಚ, ಬಾಈ,” ಅಂದ. ಚಳಿಗಾಲದಲ್ಲಿ ಇದರ ಎಲೆ ಉದುರಿಯೇ ಉದುರುತ್ತವೆ! ತೋಟದಲ್ಲಿದ್ದ ಅದರ ಅಣ್ಣತಮ್ಮಂದಿರೂ ಹಾಗೆಯೇ ಬೋಳಾಗಿ ನಿಂತು ಈಗ ಚಿಗುರುತ್ತಿದ್ದವಂತೆ. ನಮ್ಮವರು ದಿನಾ ಅವುಗಳ ಮುಂದೆಯೇ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಅವತ್ತು ನಾನು ಅವರನ್ನು ಅಂದಷ್ಟು ಮತ್ತೆಂದೂ ಅಂದಿಲ್ಲ.

ನುಗ್ಗೆಯ ಟೊಂಗೆಗೆ ಬಚ್ಚಲಿನ ಹತ್ತಿರ ಜಾಗ ಸಿಕ್ಕಿತು. ನನಗೂ ಅತ್ತೆಗೂ ಹೊಸ ಜಗಳ ಶುರುವಾಯಿತು. ಸೀರೆಗೆ ತಾಗುತ್ತದೆಂದು ಅವರು ಕೆಳಗಿನ ಚಿಗುರನ್ನೆಲ್ಲ ದಿನಾ ಚಿವುಟುವರು, ನಾನು ಎಷ್ಟು ಉಳಿದವು ಎಂದು ಎಣಿಸುವೆ. ಗಿಡ ಸಾಯುತ್ತದೆ ಎಂದು ನಾನು, ಸಾಯುವುದಿದ್ದರೆ ಯಾವಾಗಲೋ ಸಾಯುತ್ತಿತ್ತು ಎಂದು ಅವರು. ಮುಂದಿನ ವರ್ಷ ಮಾಳಿ ಮತ್ತೆ ಬಂದು ತಲೆಯೆತ್ತಿ ನೋಡಿ, ಇಷ್ಟು ನೆಟ್ಟನೆಯ ಕಾಂಡ ತಮ್ಮ ತೋಟದಲ್ಲಿ ಒಂದೂ ಇಲ್ಲ, ಇದನ್ನು ತಿದ್ದಿದವರು ಯಾರು ಎಂದು ಕೇಳಿದ. ಅತ್ತೆ ಒಳಗೆ ಹೋಗಿ ಅವನಿಗೆ ಎರಡು ಬೇಸನ್ ಉಂಡೆ ಕಳಿಸಿದರು. ಆಮೇಲೆ ಎಲೆ ದಟ್ಟವಾಗಿ, ಇರುವೆ ಹೆಚ್ಚಿ, ಕಾಗೆ ಕೂಡತೊಡಗಿದ ಮೇಲೆ ಮಡಿ ಸೀರೆ ತಾನಾಗಿಯೇ ಒಳಗೆ ಹೋಯಿತು. ಹನುಮಪ್ಪನ ನೂರೆಂಟು ಪ್ರದಕ್ಷಿಣೆಯನ್ನು ನಾನು ಒಂದೇ ದಿನ ಮುಗಿಸಿ ಎರಡು ದಿನ ಕಾಲು ನೋವೆಂದು ಮಲಗಿದೆ.

ಹೂ ಬಿಡುವುದಕ್ಕೆ ಇನ್ನೂ ಐದು ಬೇಸಿಗೆ ಬೇಕಾಯಿತು. ಅಷ್ಟರಲ್ಲಿ ನನ್ನ ತೊಡೆಯ ಮೇಲೆ ಮಗಳಿದ್ದಳು. ಗೊಂಚಲು ಗೊಂಚಲು ಬಿಳಿ ಹೂ, ಒಳಗೆ ಹಳದಿ ಗೆರೆ, ನೇರಳೆ ಚುಕ್ಕಿ. ಇದನ್ನು ದೇವರಿಗೆ ಏರಿಸಬಹುದೇ ಎಂದು ಅತ್ತೆ ಮಠದ ಆಚಾರ್ಯರನ್ನು ಕೇಳಿದರು. ಶಾಸ್ತ್ರದಲ್ಲಿ ಇಂಥ ಹೂವಿನ ಮಾತೇ ಇಲ್ಲ, ಏರಿಸಿ ಅನ್ನಲಾರೆ, ಬೇಡವೂ ಅನ್ನಲಾರೆ ಎಂದರು ಅವರು. ಅತ್ತೆ ಮನೆಗೆ ಬಂದು ಒಂದು ಹೂ ಹನುಮಪ್ಪನ ಪಟಕ್ಕಿಟ್ಟು, ಬೇಡವಾದರೆ ಅವನೇ ಕೆಡವಲಿ ಅಂದರು. ಬೀಳಲಿಲ್ಲ. ಎಲೆಗಳಿಂದ ಪತ್ರಾವಳಿ ಹಚ್ಚಲೂ ನೋಡಿದರು. ಬಿಸಿ ಅನ್ನ ಬಿದ್ದೊಡನೆ ಬಂದ ವಾಸನೆಗೆ ಎಲ್ಲರೂ ಎದ್ದುಬಿಟ್ಟೆವು. ಕಾಯಿ ಮೊಳಗಟ್ಟಲೆ ಉದ್ದ, ಥೇಟು ನುಗ್ಗೆಯದೇ. ಧಾರವಾಡದಿಂದ ಬಂದ ನೆಂಟರೆಲ್ಲ ಕತ್ತೆತ್ತಿ, ಇಷ್ಟು ನುಗ್ಗೆಕಾಯಿ ಇಟ್ಟುಕೊಂಡು ನಮಗೆ ಬದನೆಕಾಯಿ ಹುಳಿ ಹಾಕುತ್ತೀರಲ್ಲ ಎಂದು ಮುನಿಸಿಕೊಳ್ಳುವರು. ಹಿತ್ತಲು ತುಂಬ ಕಸ, ಗುಡಿಸಿ ಗುಡಿಸಿ ಸಾಕು. ನಾನು ಗುಡಿಸುತ್ತಲೇ ಹಾಡಿಕೊಳ್ಳುತ್ತಿದ್ದೆ.

ಇಂಗ್ಲಿಷರು ಹೊರಡುತ್ತಾರೆ ಎನ್ನುವ ಮಾತು ಎಲ್ಲರ ಬಾಯಲ್ಲಿದ್ದ ಬೇಸಿಗೆ ಅದು. ಮಗಳಿಗೆ ಹದಿಮೂರು, ಅವಳು ಮೊದಲ ಸಲ ಹೊರಗೆ ಕೂತಿದ್ದಳು. ಮರ ಮೈತುಂಬ ಹೂ ಬಿಟ್ಟು ಅರ್ಧ ಹಿತ್ತಲಿಗೆ ನೆರಳು ಹಾಸಿತ್ತು. ನಾನು ಮಧ್ಯಾಹ್ನ ತಾಟು ಒಯ್ದು ನೋಡಿದರೆ, ಹುಡುಗಿ ಚಾಪೆಯನ್ನು ನೆರಳಿನಿಂದ ಆಚೆ ಎಳೆದುಕೊಂಡು ಉರಿಬಿಸಿಲಿನಲ್ಲಿ ಕೂತಿದ್ದಾಳೆ. ಮುಖ ಕೆಂಪಾಗಿದೆ. ನೆರಳಿಗೆ ಹೋಗು ಅಂದೆ. ಬೇಡ ಅಂದಳು. ಯಾಕೆಂದರೆ ಹೇಳಲೊಲ್ಲಳು. ಕೊನೆಗೆ, “ಕಾಕು ಹೇಳ್ಯಾರವ್ವಾ, ಗಿಡ ಒಣಗ್ತದಂತ,” ಅಂದಳು. ಅವಳಿಗೆ ಆ ಮರವೆಂದರೆ ಪ್ರಾಣ. ಅದರ ಕೆಳಗೇ ಆಡಿ, ಅದರ ಕೆಳಗೇ ಓದು ಕಲಿತವಳು. ನನಗೆ ಬಾಯಿಯವರೆಗೆ ಮಾತು ಬಂತು. ಆದರೆ ಅತ್ತೆ ಮಡಿಯುಟ್ಟು ಹಿಂಬಾಗಿಲಲ್ಲಿ ನಿಂತಿದ್ದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವರ ಎದುರಿಗೆ ಹೇಗೆ ಹೇಳುವುದು? ಅತ್ತೆಯೇ ಮಾತಾಡಿದರು, ಬಾಗಿಲಿನಿಂದ ಕದಲದೆ.

“ಏನೂ ಒಣಗೂದಿಲ್ಲ. ನಿಮ್ಮವ್ವ ಹೊರಗ ಕೂತಾಗ ಮೂರು ದಿನಾ ತನ್ನ ಚೊಂಬಿನ ನೀರು ಅದರ ಬುಡಕ್ಕ ಹಾಕ್ಯಾಳ. ಎಲಿ ಒರಸ್ಯಾಳ. ನಾ ಇಲ್ಲೇ ನಿಂತು ನೋಡೀನಿ. ಎದ್ದು ನೆಳ್ಳಾಗ ಕೂಡು. ನೀರೂ ಹಾಕು.”

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಚಾಪೆ ಸುತ್ತಿಕೊಂಡು ಓಡಿ ನೆರಳಿಗೆ ಹೋದಳು, ಕಾಂಡಕ್ಕೆ ಬೆನ್ನು ಹಚ್ಚಿ ಕೂತಳು, ಆಮೇಲೆ ನೆನಪಾಗಿ ಎದ್ದು ಚೊಂಬನ್ನು ಬುಡಕ್ಕೆ ಬಗ್ಗಿಸಿದಳು.

“ಗೊತ್ತಿತ್ತೇನ್ರಿ ನಿಮಗ?” ಅಂದೆ. “ಗೊತ್ತಿದ್ದೂ ಆ ಕೋಲಿಗೆ ನಿಮ್ಮ ಮಡಿ ಸೀರಿ ಹಾಕಿದ್ರಿ?”

“ನನಗೂ ನೋಡಬೇಕಾಗಿತ್ತು, ಖರೇನ ಒಣಗ್ತದೋ ಇಲ್ಲೋ ಅಂತ,” ಅಂದರು ಅತ್ತೆ. “ನಿಂತಿ ಯಾಕ, ಅನ್ನದ ತಪ್ಪಲಿ ಇಳಿಸು.”

ಒಳಗೆ ಹೋದರೆ ಅವರ ಸೀರೆ ಗಳದ ಮೇಲೆ ಒಣಗುತ್ತಿತ್ತು, ಕೆಳಗೆ ನೆಲದಲ್ಲಿ ಒಂದು ಹನಿಯೂ ಇರಲಿಲ್ಲ. ಅರವತ್ತು ದಾಟಿದ ಕೈ, ಅಷ್ಟು ಬಿಗಿಯಾಗಿ ಹಿಂಡಿತ್ತು. ಗಿಡ ಬೋಳಾಗಿ ನಿಂತಿದ್ದ ಆ ಚಳಿಗಾಲದಲ್ಲಿ, ಹಿಂಡದೆ ಸೀರೆ ಹಾಕುತ್ತಿದ್ದ ಅತ್ತೆಯ ಮಣಿಕಟ್ಟು ನೋಯುತ್ತಿರಲಿಲ್ಲ ಎಂದು ನನಗೆ ಅವತ್ತು ತಿಳಿಯಿತು.